ಕತ್ತಲಲ್ಲಿ ನಕ್ಕವರು

ಇಂಟರ್‌ವಲ್ ಆದ ತಕ್ಷಣ ದೊಡ್ಡಮ್ಮ ಬ್ಯಾಗು ಹೆಗಲಿಗೆ ಹಾಕ್ಕೊಂಡರು. ಬಾತ್‌ರೂಮಿಗೆ ಇರಬೇಕು ಅಂದ್ಕೊಂಡು ಕಾಲು ಮಡಚಿ ದಾರಿ ಬಿಟ್ಟೆ. "ನಾನು ಮನೆಗೆ ಹೋಗ್ತೀನಿ. ನೀನು ಕೂತು ಪೂರ್ತಿ ನೋಡು. ಸೋಮವಾರ ಸಿಗೋಣ," ಅಂದರು. ಮುಖ ಕೆಂಪಾಗಿತ್ತು. ಏನಾಯ್ತು ಅಂತ ಕೇಳೋಷ್ಟರಲ್ಲಿ ಸಾಲು ದಾಟಿ ಹೋಗಿಬಿಟ್ಟಿದ್ದರು.

ದೊಡ್ಡಮ್ಮ ಅಂದ್ರೆ ನನ್ನ ಸ್ವಂತ ದೊಡ್ಡಮ್ಮ ಅಲ್ಲ. ನಮ್ಮ ಟೀಮಿನ ಡೇಟಾಬೇಸ್ ನೋಡಿಕೊಳ್ಳೋ ಅಮೆರಿಕದ ಹೆಂಗಸು. ರಿಟೈರ್ ಆಗೋಕೆ ಎರಡು ವರ್ಷ ಇದೆ. ನಾನು ಆನ್‌ಸೈಟ್ ಬಂದ ಹೊಸದರಲ್ಲಿ ಚಳಿಗೆ ಯಾವ ಜಾಕೆಟ್ ತಗೋಬೇಕು ಅನ್ನೋದರಿಂದ ಹಿಡಿದು ಟ್ಯಾಕ್ಸ್ ಫಾರಂ ತುಂಬೋತನಕ ಹೇಳಿಕೊಟ್ಟವರು. ಮನಸ್ಸಲ್ಲೇ ದೊಡ್ಡಮ್ಮ ಅಂತ ಕರೀತಿದ್ದೆ, ಒಂದಿನ ಬಾಯಿ ತಪ್ಪಿ ಎದುರಿಗೇ ಕರೆದೆ. ಅರ್ಥ ಕೇಳಿ ತಿಳಕೊಂಡು, ಅವತ್ತಿಂದ ಹಾಗೇ ಕರಿ ಅಂದರು.

ಟಿಕೆಟ್ ತೆಗೆದಿದ್ದೂ ಅವರೇ. 'ಒಕ್ಲಹೋಮ!' ಅನ್ನೋ ಮ್ಯೂಸಿಕಲ್. ಮ್ಯೂಸಿಕಲ್ ಅಂದ್ರೆ ನಮ್ಮ ಕಂಪನಿ ನಾಟಕದ ದೂರದ ನೆಂಟ ಅಂದ್ಕೊಳ್ಳಿ, ಮಾತು ಸಾಕಾದಾಗ ಹಾಡು, ಹಾಡು ಸಾಕಾದಾಗ ಕುಣಿತ. 1943ರ ಮಾರ್ಚ್ 31ಕ್ಕೆ ನ್ಯೂಯಾರ್ಕಿನಲ್ಲಿ ಶುರುವಾಗಿ 2,212 ಪ್ರದರ್ಶನ ಕಂಡ ನಾಟಕ. ಸಂಗೀತ ರಿಚರ್ಡ್ ರಾಜರ್ಸ್‌ದು, ಮಾತು-ಹಾಡು ಆಸ್ಕರ್ ಹ್ಯಾಮರ್‌ಸ್ಟೈನ್‌ದು. ಇದರ ಶೀರ್ಷಿಕೆ ಹಾಡೇ 1953ರಿಂದ ಒಕ್ಲಹೋಮ ರಾಜ್ಯದ ನಾಡಗೀತೆ. ಹೈಸ್ಕೂಲುಗಳಲ್ಲಿ ಮಕ್ಕಳು ಇದನ್ನ ಆಡ್ತಾ ಬಂದಿದ್ದಾರೆ, ನಮ್ಮ ತುಮಕೂರು ಕಡೆ ಊರೂರಲ್ಲಿ 'ಕುರುಕ್ಷೇತ್ರ' ಆಡೋ ಹಾಗೆ. ದೊಡ್ಡಮ್ಮನೂ ಹೈಸ್ಕೂಲಲ್ಲಿದ್ದಾಗ ಗುಂಪಲ್ಲಿ ನಿಂತು ಹಾಡಿದ್ದರಂತೆ. "ನಮ್ಮ ದೇಶ ಏನು ಅಂತ ಗೊತ್ತಾಗಬೇಕಾದ್ರೆ ಇದನ್ನ ನೋಡು," ಅಂತ ನನ್ನನ್ನ ಕರಕೊಂಡು ಬಂದಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಥಿಯೇಟರ್, 2022ರ ಆಗಸ್ಟ್ ಕೊನೆ, ಶನಿವಾರ ರಾತ್ರಿ.

ಅವರಿಗೆ ಗೊತ್ತಿಲ್ಲದೇ ಇದ್ದದ್ದು ಅಂದ್ರೆ ಇದು ಅವರು ಆಡಿದ 'ಒಕ್ಲಹೋಮ!' ಅಲ್ಲ ಅನ್ನೋದು. ಡೇನಿಯಲ್ ಫಿಶ್ ಅನ್ನೋ ನಿರ್ದೇಶಕ ಹೊಸದಾಗಿ ಕಟ್ಟಿದ್ದು. 2019ರಲ್ಲಿ ಬ್ರಾಡ್‌ವೇಗೆ ಬಂದು, ಆ ವರ್ಷದ ಟೋನಿ ಪ್ರಶಸ್ತಿಯಲ್ಲಿ ಹಳೆ ಮ್ಯೂಸಿಕಲ್‌ನ ಅತ್ಯುತ್ತಮ ಮರುಪ್ರದರ್ಶನ ಅನ್ನಿಸಿಕೊಂಡು, ಆಮೇಲೆ ಊರೂರು ಹೊರಟಿತ್ತು. ಬಂದೂಕಿನ ಸದ್ದಿದೆ, ಪೂರ್ತಿ ಕತ್ತಲಿದೆ ಅಂತೆಲ್ಲಾ ಮುಂಚೇನೇ ಎಚ್ಚರಿಕೆ ಕೊಟ್ಟಿದ್ದರು. ಅಂಥದ್ದನ್ನ ಯಾರು ಓದ್ತಾರೆ ಹೇಳಿ? ನಾವು ಸಾಫ್ಟ್‌ವೇರ್‌ನವರು ಬರೆಯೋ ಷರತ್ತುಗಳನ್ನೇ ಯಾರೂ ಓದಲ್ಲ.

ಕಥೆ ಇಷ್ಟೇ. ಒಕ್ಲಹೋಮ ಇನ್ನೂ ರಾಜ್ಯ ಆಗಿರದ ಕಾಲ, 1906ರ ಸುಮಾರು. ಲೋರಿ ಅಂತ ಹುಡುಗಿ, ಅವಳನ್ನ ಸಾಕ್ತಿರೋ ಆಂಟ್ ಎಲರ್. ಕರ್ಲಿ ಅನ್ನೋ ದನ ಕಾಯೋ ಚೆಲುವ ಹುಡುಗನಿಗೆ ಲೋರಿ ಮೇಲೆ ಮನಸ್ಸು. ಅವಳ ಮನೆಯಲ್ಲಿ ದುಡಿಯೋ ಆಳು ಜಡ್ ಫ್ರೈಗೂ ಅವಳ ಮೇಲೇ ಮನಸ್ಸು. ಊರ ಊಟಕ್ಕೆ ಅವಳು ಯಾರ ಜೊತೆ ಹೋಗ್ತಾಳೆ ಅನ್ನೋದೇ ಮೊದಲರ್ಧ. ಕೊನೆಗೆ ಕರ್ಲಿ-ಲೋರಿ ಮದುವೆ. ಮದುವೆಗೆ ಕುಡಿದು ಬಂದ ಜಡ್ ಚಾಕು ತೆಗೆದು, ಜಗಳದಲ್ಲಿ ತನ್ನ ಚಾಕಿನ ಮೇಲೆ ತಾನೇ ಬಿದ್ದು ಸಾಯ್ತಾನೆ. ಅಲ್ಲೇ ಐದು ನಿಮಿಷದಲ್ಲಿ ವಿಚಾರಣೆ, ಕರ್ಲಿ ನಿರಪರಾಧಿ, ಗಂಡ ಹೆಂಡತಿ ಬಂಡಿ ಹತ್ತಿ ಹನಿಮೂನಿಗೆ. ಎಲ್ಲರೂ ಹಾಡು. ಶುಭಂ.

ನಾವು ಒಳಗೆ ಹೋದಾಗಲೇ ದೊಡ್ಡಮ್ಮ ಹುಬ್ಬು ಗಂಟಿಕ್ಕಿದ್ದರು. ಸ್ಟೇಜಿನ ಸುತ್ತ ಪ್ಲೈವುಡ್ ಗೋಡೆ, ಗೋಡೆ ತುಂಬಾ ಸಾಲಾಗಿ ಬಂದೂಕು. ಮೇಲೆ ನಮ್ಮ ಗಣೇಶನ ಪೆಂಡಾಲಿನ ಹಾಗೆ ಮಿಂಚೋ ಜರಿ ತೋರಣ. ಉದ್ದದ ಮೇಜುಗಳು. ನಾಟಕ ಶುರುವಾದ್ರೂ ನಮ್ಮ ಮೇಲಿನ ಲೈಟು ಆರಿಸಲಿಲ್ಲ. ನಟರು ನಮ್ಮನ್ನ ನೋಡಬಹುದು, ನಾವು ಒಬ್ಬರನ್ನೊಬ್ಬರು ನೋಡಬಹುದು. ಸಿನಿಮಾ ಹಾಲಿನ ಕತ್ತಲಿಗೆ ಅಡಗಿ ಕೂರೋ ಅಭ್ಯಾಸ ಇರೋ ನನಗೆ ಬಹಳ ಹೊತ್ತು ಕೈ ಎಲ್ಲಿಡಬೇಕು ಅಂತಲೇ ತಿಳೀಲಿಲ್ಲ. ದೊಡ್ಡ ಆರ್ಕೆಸ್ಟ್ರಾ ಬದಲು ಬ್ಯಾಂಜೋ, ಮ್ಯಾಂಡೊಲಿನ್ ಹಿಡಿದ ಏಳು ಜನರ ಬ್ಯಾಂಡು. ನ್ಯೂಯಾರ್ಕಿನಲ್ಲಿ ಆಡಿದಾಗ ಇಂಟರ್‌ವಲ್‌ಗೆ ಜನರಿಗೆಲ್ಲಾ ಮೆಕ್ಕೆಜೋಳದ ಬ್ರೆಡ್ಡು, ಹುರುಳಿಕಾಳು ಬೇಯಿಸಿದ ಹಾಗಿರೋ ಚಿಲಿ ಅನ್ನೋ ಸಾರು ಹಂಚ್ತಿದ್ದರಂತೆ. ಅಲ್ಲಿ ಜನ ಮೂರು ಕಡೆ ಸುತ್ತುವರಿದು ಕೂರೋ ಸಣ್ಣ ಜಾಗ. ಇದು ಎರಡು ಸಾವಿರ ಸೀಟು ದಾಟಿದ ಹಾಲು, ನಮಗೆ ಆ ಭಾಗ್ಯ ಇರಲಿಲ್ಲ.

ಹಾಡುಗಳು ಅವೇ, ಮಾತುಗಳೂ ಹೆಚ್ಚುಕಮ್ಮಿ ಅವೇ. ಆದರೆ ಧಾಟಿ ಬೇರೆ. ಖುಷಿಯಿಂದ ಕೂಗಿ ಹಾಡಬೇಕಾದ್ದನ್ನ ಪಿಸುಗುಟ್ಟಿ ಹಾಡ್ತಾರೆ. ಹಿಂದಿನ ಸಾಲಲ್ಲಿ ಒಬ್ಬ ಅಜ್ಜ ಪ್ರತಿ ಹಾಡು ಶುರುವಾದಾಗಲೂ ಹಳೇ ವೇಗದಲ್ಲಿ ಗುನುಗೋಕೆ ಶುರು ಮಾಡೋರು, ಎರಡನೇ ಸಾಲಿಗೆ ನಟನಿಗಿಂತ ಮುಂದೆ ಹೋಗಿಬಿಡೋರು, ಆಮೇಲೆ ನಿಲ್ಲಿಸೋರು. ಒಂದು ಹಾಡಿನಲ್ಲಿ ಹೆಂಗಸರೆಲ್ಲಾ ಜೋಳದ ತೆನೆ ಸಿಪ್ಪೆ ಸುಲೀತಾ, ಲಟಕ್ ಅಂತ ಮುರೀತಾ ಹಾಡ್ತಾರೆ. ಆ ಸದ್ದು ನನಗೆ ಬಹಳ ಹಿಡಿಸಿತು. ದೊಡ್ಡಮ್ಮ ನೋಡ್ತಿದ್ದದ್ದು ಗೋಡೆ ಮೇಲಿನ ಬಂದೂಕುಗಳನ್ನ. ಏಡೋ ಆನಿ ಅನ್ನೋ ಚೆಲ್ಲು ಹುಡುಗಿಯ ಪಾತ್ರಕ್ಕೆ ಸಿಸ್ ಅನ್ನೋ ಟ್ರಾನ್ಸ್ ನಟಿ ಬಂದಾಗ ಬಾಲ್ಕನಿಯ ಹುಡುಗರು ಶಿಳ್ಳೆ ಹೊಡೆದರು. ನಮ್ಮ ಸಾಲಿನ ಆ ತುದಿಯ ದಂಪತಿ ಆ ಹಾಡು ಮುಗಿಯೋ ಮೊದಲೇ ಎದ್ದರು. ದೊಡ್ಡಮ್ಮ ಮಾತ್ರ ಆಕೆಗೆ ಜೋರಾಗೇ ಚಪ್ಪಾಳೆ ತಟ್ಟಿದರು. ಅವರ ತಕರಾರು ಅಲ್ಲಿರಲಿಲ್ಲ.

ತಕರಾರು ಶುರುವಾಗಿದ್ದು ಸ್ಮೋಕ್‌ಹೌಸ್ ಸೀನಿನಲ್ಲಿ. ಜಡ್ ಮಲಗೋದು ಮಾಂಸ ಹೊಗೆ ಹಾಕೋ ಕೋಣೆಯಲ್ಲಿ, ಗೋಡೆ ಮೇಲೆ ಹೆಂಗಸರ ಚಿತ್ರ ಅಂಟಿಸಿಕೊಂಡು. ಕರ್ಲಿ ಅಲ್ಲಿಗೆ ಹೋಗಿ, ನೀನು ನೇಣು ಹಾಕ್ಕೊಂಡ್ರೆ ಊರೆಲ್ಲಾ ನಿನಗಾಗಿ ಎಷ್ಟು ಅಳುತ್ತೆ ಗೊತ್ತಾ ಅಂತ ನಯವಾಗಿ ಆಸೆ ಹುಟ್ಟಿಸ್ತಾನೆ. ಸಾವಿನ ಹಾಡು ಹಾಡ್ತಾನೆ, ಜಡ್ ಅದನ್ನ ನಂಬಿ ಜೊತೆಗೆ ಹಾಡ್ತಾನೆ. ಹಳೇ ಕಾಲದಿಂದ ಇದು ಕಾಮಿಡಿ ಸೀನು. ಇಲ್ಲಿ ಆ ಹೊತ್ತಿಗೆ ಇಡೀ ಹಾಲು ಗವ್ ಅನ್ನೋ ಕತ್ತಲು ಮಾಡಿದರು. ಕತ್ತಲಲ್ಲಿ ಮೈಕಿಗೆ ಬಾಯಿ ಹಚ್ಚಿದ ಹಾಗೆ ಎರಡು ದನಿ, ಅಷ್ಟೇ. ಕರ್ಲಿಯ ಮಾತಿಗೆ ಜನ ನಕ್ಕರು. ನಾನೂ ನಕ್ಕೆ. ಕತ್ತಲಲ್ಲಿ ನಗು ಸಲೀಸಾಗಿ ಬರುತ್ತೆ. ಆಗ ಹಿಂದಿನ ಗೋಡೆ ತುಂಬಾ ಜಡ್‌ನ ಮುಖ ಮೂಡಿತು. ಅಲ್ಲೇ ಕ್ಯಾಮೆರಾ ಹಿಡಿದು ತೋರಿಸ್ತಿರೋ ಕಪ್ಪು-ಬಿಳುಪು ಮುಖ. ಕಣ್ಣಲ್ಲಿ ನೀರು ತುಂಬಿದ ಹಾಗೆ, ನನ್ನನ್ನೂ ಯಾರೋ ನೆನೆದು ಅಳ್ತಾರಾ ಅಂತ ನಿಜವಾಗಲೂ ಯೋಚನೆ ಮಾಡ್ತಿರೋ ಮನುಷ್ಯ. ನಗು ಅಲ್ಲಲ್ಲೇ ನಿಂತಿತು. ಎಲ್ಲರದ್ದೂ ಅಲ್ಲ, ಬಲಗಡೆ ಯಾರೋ ಇನ್ನೂ ಸ್ವಲ್ಪ ಹೊತ್ತು ನಗ್ತಿದ್ದರು. ದೊಡ್ಡಮ್ಮ ಕುರ್ಚಿಯ ಕೈ ಹಿಡಿದುಕೊಂಡಿದ್ದು ಲೈಟು ಬಂದಾಗಲೇ ನನಗೆ ಕಂಡದ್ದು.

ಇಂಟರ್‌ವಲ್‌ನಲ್ಲಿ ಮೆಟ್ಟಿಲ ಬಳಿ ಹೋಗಿ ನಿಂತೆ. ಎರಡು ನದಿ. ಒಂದು ಬಾಗಿಲ ಕಡೆ ಹರೀತಿತ್ತು, ಒಂದು ಬಾರಿನ ಕಡೆ. ಬಾಗಿಲ ಕಡೆಯ ಒಬ್ಬರು ಟಿಕೆಟ್ ನೋಡೋ ಹುಡುಗಿಯ ಹತ್ತಿರ, ಹೆಂಡತಿಯ ಹುಟ್ಟುಹಬ್ಬ ಅಂತ ಕರಕೊಂಡು ಬಂದಿದ್ದೆ, ಇದೇನಮ್ಮ ಇದು ಅಂತ ಕೇಳ್ತಿದ್ದರು. ಆ ಹುಡುಗಿ ಪಾಪ ಏನು ಹೇಳ್ತಾಳೆ? ಬಾರಿನ ಕಡೆ ನನ್ನ ವಯಸ್ಸಿನವರು, ಇದು ಅದ್ಭುತ, ಇದು ಈಗಿನ ಅಮೆರಿಕ ಅಂತೆಲ್ಲಾ ಮಾತಾಡ್ತಾ, ಎದ್ದು ಹೋಗೋರನ್ನ ನೋಡಿ ಮುಸಿಮುಸಿ ನಗ್ತಿದ್ದರು. ಸಹಜವಾಗಿ ನಾನು ಈ ಗುಂಪಿನವನು ಅನ್ನಿಸಿತು. ನನಗೆ ಹಳೇ 'ಒಕ್ಲಹೋಮ!' ಗೊತ್ತಿಲ್ಲ, ಕಳಕೊಳ್ಳೋಕೆ ಏನೂ ಇಲ್ಲ, ಎದ್ದು ಹೋಗೋಕೆ ಕಾರಣವೂ ಇಲ್ಲ. ಪುಕ್ಕಟೆ ಧೈರ್ಯ.

ಆದರೆ ನಮ್ಮೂರಿನ 'ಕುರುಕ್ಷೇತ್ರ' ನೆನಪಾಯ್ತು. ಹಾರ್ಮೋನಿಯಂ ಮೇಷ್ಟ್ರು ಒಂದು ಸಲ, ಬೆಳಗಾಗ್ತಾ ಬಂತು ಅಂತ ಕೃಷ್ಣನ ಒಂದು ಕಂದ ಹಾರಿಸಿಬಿಟ್ಟರು. ಮುಂದಿನ ಚಾಪೆಯಿಂದ ಒಬ್ಬ ಅಜ್ಜ ಎದ್ದು, "ಏಯ್ ಮೇಷ್ಟ್ರೇ, ನಮ್ಮ ಕಂದ ಎಲ್ಲಿ?" ಅಂತ ಕೂಗಿದ. 'ನಮ್ಮ ಕಂದ' ಅಂದದ್ದು. ಹಾಡಿಸೋ ತನಕ ಮುಂದಿನ ಸೀನಿಗೆ ಬಿಡಲಿಲ್ಲ, ಹಾಡಿದ ಮೇಲೆ ಒನ್ಸ್ ಮೋರ್ ಬೇರೆ. ಹತ್ತು ಸಲ ನೋಡಿದ್ದನ್ನೇ ಹನ್ನೊಂದನೇ ಸಲ ನೋಡೋಕೆ ಬಂದವನಿಗೆ ಹೊಸದು ಬೇಡ, ಅವನ ಆಸ್ತಿ ಅವನಿಗೆ ಬೇಕು. ಗೋಲ್ಡನ್ ಗೇಟ್‌ನಿಂದ ಎದ್ದು ಹೋಗ್ತಿದ್ದವರಲ್ಲಿ ಅರ್ಧ ಜನ ಆ ಅಜ್ಜನೇ ಅಂತ ನನ್ನ ಲೆಕ್ಕ. ಅವರನ್ನ ನೋಡಿ ನಗೋದು ನನ್ನ ಕೈಲಾಗಲಿಲ್ಲ.

ಎರಡನೇ ಅರ್ಧ ಶುರುವಾದಾಗ ನಮ್ಮ ಸಾಲಲ್ಲಿ ಐದು ಸೀಟು ಖಾಲಿ. ಮೊದಲಿಗೇ ಲೋರಿಯ ಕನಸಿನ ನೃತ್ಯ. 1943ರಲ್ಲಿ ಆಗ್ನೆಸ್ ಡಿ ಮಿಲ್ ಕಟ್ಟಿದ್ದ, ಬಹಳ ಹೆಸರಾದ ಬ್ಯಾಲೆ ಅದು. ಇಲ್ಲಿ ಒಬ್ಬಳೇ ನರ್ತಕಿ, ಮಿಂಚೋ ಟೀ ಶರ್ಟು ಹಾಕ್ಕೊಂಡು, ಬರಿಗಾಲಲ್ಲಿ. ಕಿವಿ ಕಿತ್ತು ಹೋಗೋ ಎಲೆಕ್ಟ್ರಿಕ್ ಗಿಟಾರು, ಹೊಗೆ. ನನಗೆ ಅರ್ಥ ಆಗಲಿಲ್ಲ ಅಂತ ಒಪ್ಕೋತೀನಿ. ಉದ್ದ ಆಯ್ತು. ಇನ್ನೂ ಏಳೆಂಟು ಜನ ಎದ್ದರು.

ಕೊನೆಗೆ ಮದುವೆ. ಜಡ್ ಬಂದ. ಇಲ್ಲಿ ಅವನು ಕುಡಿದಿಲ್ಲ, ಚಾಕು ಎತ್ತಲ್ಲ. ಮದುಮಗನಿಗೆ ಉಡುಗೊರೆ ಅಂತ ಒಂದು ಪಿಸ್ತೂಲು ಕೊಟ್ಟ. ಸುಮ್ಮನೆ ನಿಂತ. ಕರ್ಲಿ ಹೊಡೆದ. ಬಿಳಿ ಮದುವೆ ಬಟ್ಟೆಯ ಮೇಲೆ, ಇಬ್ಬರ ಮುಖದ ಮೇಲೆ ಕೆಂಪು ಚಿಮ್ಮಿತು. ಹಾಲಲ್ಲಿ ಯಾರೋ ಸಣ್ಣಗೆ ಕಿರುಚಿದರು. ಆಮೇಲೆ ಅದೇ ಹಳೇ ವಿಚಾರಣೆ. ಇದು ಕೋರ್ಟಿನಲ್ಲಿ ಆಗಬೇಕು ಅಂತ ಒಬ್ಬ ಅಡ್ಡ ಬಂದ, ಆಂಟ್ ಎಲರ್ ಅವನ ಬಾಯಿ ಮುಚ್ಚಿಸಿದಳು. ಮದುವೆ ರಾತ್ರಿ ಹುಡುಗನನ್ನ ಯಾರಾದ್ರೂ ಜೈಲಿಗೆ ಹಾಕ್ತಾರಾ ಅನ್ನೋ ಧಾಟಿ. ಊರೆಲ್ಲಾ ನಿರಪರಾಧಿ ಅಂದಿತು. ತೊಳೆಯದ ರಕ್ತದಲ್ಲೇ ಎಲ್ಲರೂ ಆ ಪ್ರಸಿದ್ಧ ಹಾಡು ಹಾಡಿದರು, ನಮ್ಮ ಕಡೆಗೇ ನೋಡ್ತಾ, ನೆಲ ಒದೀತಾ. ನಮ್ಮ ಮೇಲೆ ಪೂರ್ತಿ ಬೆಳಕು. ಹಿಂದಿನ ಅಜ್ಜ ಎದ್ದು ಹೋಗಿರಲಿಲ್ಲ, ಹಾಡಲೂ ಇಲ್ಲ. ಮುಗಿದ ಮೇಲೆ ಒಂದು ಕ್ಷಣ ಸದ್ದೇ ಇಲ್ಲ. ಆಮೇಲೆ ಅರ್ಧ ಜನ ಎದ್ದು ನಿಂತು ಕೂಗಿದರು, ಅರ್ಧ ಜನ ಕೂತಲ್ಲೇ ಕೋಟು ಹುಡುಕಿದರು. ನಾನು ಎದ್ದು ನಿಂತೆ.

ಬಾರ್ಟ್ ರೈಲಿನಲ್ಲಿ ಬರ್ತಾ ಮೊಬೈಲಲ್ಲಿ ಹಿಂದಿನದೆಲ್ಲಾ ಕೆದಕಿದೆ. ಈ ಮ್ಯೂಸಿಕಲ್ಲಿಗೆ ಮೂಲ, ಲಿನ್ ರಿಗ್ಸ್ ಅನ್ನೋ ಚೆರೋಕಿ ಮೂಲದ ನಾಟಕಕಾರ ಬರೆದು 1931ರಲ್ಲಿ ಬ್ರಾಡ್‌ವೇಗೆ ಬಂದ 'ಗ್ರೀನ್ ಗ್ರೋ ದ ಲೈಲ್ಯಾಕ್ಸ್'. ಅದರಲ್ಲಿ ಕರ್ಲಿ ಜೈಲಿಗೆ ಹೋಗ್ತಾನೆ, ಹೆಂಡತಿಯನ್ನ ನೋಡೋಕೆ ತಪ್ಪಿಸಿಕೊಂಡು ಬರ್ತಾನೆ, ಒಂದು ರಾತ್ರಿ ಇರು, ಬೆಳಿಗ್ಗೆ ವಾಪಸ್ ಹೋಗು ಅಂತ ಊರವರು ಬಿಡ್ತಾರೆ. ತೀರ್ಪು ಏನಾಯ್ತು ಅಂತ ನಾಟಕ ಹೇಳಲ್ಲ. ಐದು ನಿಮಿಷದ ಆ ಖುಲಾಸೆ 1943ರ ಮ್ಯೂಸಿಕಲ್ಲಿಗೆ ಸೇರಿಸಿದ್ದು, ಯುದ್ಧಕಾಲದಲ್ಲಿ ಜನ ನೆಮ್ಮದಿಯಿಂದ ಮನೆಗೆ ಹೋಗಲಿ ಅಂತ ಇದ್ದೀತು. ಅಂದ್ರೆ ದೊಡ್ಡಮ್ಮನ ಹಳೇ ನಾಟಕವೂ ಒಬ್ಬರು ಇನ್ನೊಬ್ಬರದ್ದನ್ನ ತಿರುಗಿಸಿ ಕಟ್ಟಿದ್ದೇ.

ಇದನ್ನೆಲ್ಲಾ ಓದ್ತಿದ್ದದ್ದು, ನಿಜ ಹೇಳಬೇಕಂದ್ರೆ, ಬೇರೆ ಏನೋ ನೆನಪಾಗಬಾರದು ಅಂತ.

ನನಗೆ ಹತ್ತು ವರ್ಷ ಇದ್ದಾಗ ನಮ್ಮನೆಯಲ್ಲಿ ಒಬ್ಬ ಆಳಿದ್ದ. ಹೆಸರು ಬರೆಯಲ್ಲ. ಬೇರೆ ಸೀಮೆಯವನು. ಕೊಬ್ಬರಿ ಅಟ್ಟದ ಕೆಳಗೆ, ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಮಲಗ್ತಿದ್ದ. ಮಾತು ಕಮ್ಮಿ. ನಾವು ಹುಡುಗರು ಅವನ ಮೇಲೆ ಒಂದು ಪದ್ಯ ಕಟ್ಟಿ, ಅವನು ದನ ಹೊಡ್ಕೊಂಡು ಹೋಗುವಾಗ ಹಿಂದಿಂದ ಹಾಡ್ತಿದ್ದೆವು. ಅವನೂ ನಗ್ತಿದ್ದ. ಒಂದಿನ ಅವನಿಲ್ಲದಾಗ ಕೋಣೆ ಇಣುಕಿದೆ. ಮಣ್ಣಿನ ಗೋಡೆ ಮೇಲೆ ಸಿನಿಮಾ ನಟಿಯರ ಚಿತ್ರ, ಅನ್ನದ ಗಂಜಿಯಲ್ಲಿ ಅಂಟಿಸಿದ್ದು. ನಮ್ಮ ತಾತ ಓದಿ ಬಿಟ್ಟ ಭಾನುವಾರದ ಪೇಪರಿನಿಂದಲೇ ಕತ್ತರಿಸಿದ್ದು. ಓಡಿ ಬಂದು ಮನೆಯಲ್ಲಿ ಹೇಳಿದ್ದು ನಾನೇ. ಆ ವಾರವೇ ಯಾರೋ, ಅವನು ನಲ್ಲಿ ಹತ್ತಿರ ಒಬ್ಬ ಹುಡುಗಿಯನ್ನ ದುರುಗುಟ್ಟಿ ನೋಡಿದ ಅಂದರು. ಹುಡುಗಿ ಏನೂ ಹೇಳಿರಲಿಲ್ಲ. ಸಂಜೆ ನಮ್ಮನೆ ಜಗಲಿಯಲ್ಲಿ ನಾಕು ಜನ ಹಿರೀಕರು ಕೂತರು. ಗೋಡೆ ಮೇಲೆ ಚಿತ್ರ ಇದ್ದದ್ದು ನಿಜವೇನೋ ಅಂತ ತಾತ ನನ್ನನ್ನ ಕರೆಸಿ ಕೇಳಿದರು. ನಿಜ ಅಂದೆ. ಅವನನ್ನ ಯಾರೂ ಏನೂ ಕೇಳಲಿಲ್ಲ. ಕಾಫಿ ಲೋಟ ಖಾಲಿಯಾಗೋ ಹೊತ್ತಿಗೆ ತೀರ್ಮಾನ ಆಗಿತ್ತು. ಕೊಟ್ಟಿಗೆ ಹಿಂದೆ ಕರಕೊಂಡು ಹೋಗಿ ನಮ್ಮ ಚಿಕ್ಕಪ್ಪನೂ ಇನ್ನೊಬ್ಬರೂ ಹೊಡೆದ ಸದ್ದು ಕೇಳಿಸ್ತಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಕಳಿಸಿದರು. ಮುಂದಿನ ವಾರ ಊರಹಬ್ಬ, ನಾಟಕ. ಚಿಕ್ಕಪ್ಪನದು ಅರ್ಜುನನ ಪಾತ್ರ. ಬಹಳ ಚೆನ್ನಾಗಿ ಹಾಡಿದ. ನಾನು ಮುಂದಿನ ಚಾಪೆಯಲ್ಲಿ ಕೂತು ಒನ್ಸ್ ಮೋರ್ ಅಂದೆ.

ರೂಮಿಗೆ ಬಂದಾಗ ಅಲ್ಲಿ ಭಾನುವಾರ ಮಧ್ಯಾಹ್ನ. ಅಮ್ಮನಿಗೆ ಫೋನ್ ಮಾಡಿದೆ. ಅವನಿಗೆ ಕೊಡಬೇಕಾದ ದುಡ್ಡು ಕೊಟ್ಟು ಕಳಿಸಿದ್ರಾ ಅಂತ ಕೇಳಿದೆ. ಅಮ್ಮ ಯಾರು ಅಂತ ಕೇಳಲಿಲ್ಲ, ಅದೇ ನನಗೆ ಆಶ್ಚರ್ಯ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಯಿ ಸುಲಿಯೋದ್ರಲ್ಲಿ ಅವನಷ್ಟು ಚುರುಕು ಇನ್ಯಾರೂ ಬರಲಿಲ್ಲ ಕಣಪ್ಪ," ಅಂದಳು. ಆಮೇಲೆ, "ಊಟ ಆಯ್ತಾ?"

ಸೋಮವಾರ ದೊಡ್ಡಮ್ಮ ಕ್ಯಾಂಟೀನಲ್ಲಿ ಎದುರಿಗೆ ಕೂತು ಡಬ್ಬಿ ಬಿಚ್ಚಿದರು. "ಕೊನೆಗೆ ಹಾಡು ಹಾಡಿದ್ರಾ?"

"ಹಾಡಿದ್ರು. ಬಟ್ಟೆ ತುಂಬಾ ರಕ್ತ."

"ಗೊತ್ತಿತ್ತು. ಆ ಕತ್ತಲ ಸೀನಲ್ಲೇ ಗೊತ್ತಾಯ್ತು ಎಲ್ಲಿಗೆ ಹೋಗ್ತಿದಾನೆ ಅಂತ," ಅಂದರು. ಸ್ವಲ್ಪ ಹೊತ್ತು ತಿಂದು, "ನಾನು ಹೈಸ್ಕೂಲಲ್ಲಿ ಗುಂಪಲ್ಲಿದ್ದೆ ಅಂದಿದ್ನಲ್ಲ. ನನಗೆ ಒಂಟಿ ಮಾತು ಅಂತ ಇರಲಿಲ್ಲ. ವಿಚಾರಣೆ ಸೀನಲ್ಲಿ ಎಲ್ಲರ ಜೊತೆ ನಿರಪರಾಧಿ ಅಂತ ಕೂಗೋದಷ್ಟೇ. ಎಲ್ಲರಿಗಿಂತ ಜೋರಾಗಿ ಕೂಗಿದ್ದೆ, ನಮ್ಮಪ್ಪನಿಗೆ ಕೇಳಿಸಲಿ ಅಂತ."

ಹಾಗಾದ್ರೆ ನಾಟಕ ಸರಿಯಾಗೇ ಇತ್ತಲ್ವಾ ಅಂತ ನಾನು ಸಾಹಸ ಮಾಡಿ ಕೇಳಿದೆ. ದೊಡ್ಡಮ್ಮ ಸುತಾರಾಂ ಒಪ್ಪಲಿಲ್ಲ. ಹಾಡೆಲ್ಲಾ ಜ್ವರ ಬಂದವರ ಹಾಗಿತ್ತು, ಆ ದುಡ್ಡಿಗೆ ನಾನು ಹಾಡು ಕೇಳೋಕೆ ಬಂದಿದ್ದೆ, ನನ್ನನ್ನ ಕಟಕಟೆಗೆ ಹತ್ತಿಸಿಕೊಳ್ಳೋಕೆ ಅಲ್ಲ ಅಂದರು. ಅದೂ ನ್ಯಾಯವೇ. ನಾನು ನನ್ನ ಕಥೆ ಹೇಳೋಣ ಅಂತ ಬಾಯಿ ತೆಗೆದೆ, ಇಂಗ್ಲಿಷಿನಲ್ಲಿ ಜಗಲಿಗೆ ಏನಂತಾರೆ ಅಂತ ಯೋಚಿಸ್ತಾ ಅಲ್ಲೇ ನಿಲ್ಲಿಸಿದೆ. "ಶನಿವಾರ ಮನೆಗೆ ಬಾ, ಸಿನಿಮಾ ತೋರಿಸ್ತೀನಿ. ಅಸಲಿ ಯಾವುದು ಅಂತ ನಿನಗೂ ಗೊತ್ತಾಗಲಿ," ಅಂದರು.

ಹೋದೆ. 1955ರ ಸಿನಿಮಾ. ಆಕಾಶ ಎಷ್ಟು ನೀಲಿ, ಜೋಳ ಎಷ್ಟು ಹಸಿರು ಅಂತೀರಿ. ಬಹುಪಾಲು ಚಿತ್ರೀಕರಣ ಆಗಿದ್ದು ಒಕ್ಲಹೋಮದಲ್ಲಲ್ಲ, ಅರಿಜೋನಾದಲ್ಲಿ, ಅದು ಬೇರೆ ಮಾತು. ದೊಡ್ಡಮ್ಮ ಪ್ರತಿ ಹಾಡಿಗೂ ದನಿ ಸೇರಿಸಿದರು, ಒಂದಕ್ಕೂ ತಾಳ ತಪ್ಪಲಿಲ್ಲ. ಸ್ಮೋಕ್‌ಹೌಸ್ ಸೀನು ಇಲ್ಲಿ ಬೆಳಕಲ್ಲೇ ನಡೆಯಿತು, ನಾವಿಬ್ಬರೂ ನಗಲಿಲ್ಲ. ಜಡ್ ತನ್ನ ಚಾಕಿನ ಮೇಲೆ ತಾನೇ ಬಿದ್ದ. ಜನ ಸೇರಿದರು, ನ್ಯಾಯಾಧೀಶ ಎನ್ನಿಸಿಕೊಂಡವನು ಗಂಟಲು ಸರಿಮಾಡಿಕೊಂಡ. ದೊಡ್ಡಮ್ಮ ಪಾಪ್‌ಕಾರ್ನ್ ತರ್ತೀನಿ ಅಂತ ಎದ್ದರು. ಬಟ್ಟಲು ಇನ್ನೂ ಅರ್ಧ ತುಂಬಿತ್ತು.

"ನಿಲ್ಲಿಸಲಾ ದೊಡ್ಡಮ್ಮಾ?" ಅಂದೆ ರಿಮೋಟು ಹಿಡಿದು.

"ಬೇಡ, ಓಡಲಿ," ಅಂದರು ಅಡಿಗೆ ಮನೆಯಿಂದ.